ಮೊಂತೇರೊ ಮನೆಯ ಥ್ರೆಡ್‌ಗೋಲ್ಡ್

ಬಹರೈನಿನ ಅದ್ಲಿಯಾದಲ್ಲಿ ಒಂದು ರೆಸ್ಟೋರೆಂಟಿನ ಕ್ಯಾಪ್ಟನ್ ಆಗಿರುವ ಗೋಲ್ಡಿಯ ಪೂರ್ತಿ ಹೆಸರು ಲಾಜರಸ್ ಥ್ರೆಡ್‌ಗೋಲ್ಡ್ ಮೊಂತೇರೊ. ಕ್ಯಾಪ್ಟನ್ ಅಂದರೆ ಹಡಗಿನದ್ದಲ್ಲ, ಕ್ರಿಕೆಟ್ಟಿನದ್ದೂ ಅಲ್ಲ. ಆರು ಜನ ವೇಟರುಗಳ ಬೆನ್ನ ಹಿಂದೆ ಕಪ್ಪು ಬೋ ಕಟ್ಟಿಕೊಂಡು ನಿಂತು, ಅವರು ಮಾಡಿದ ತಪ್ಪಿಗೆ ಗಿರಾಕಿಗಳ ಹತ್ತಿರ ಕ್ಷಮೆ ಕೇಳುವವನು ಎಂದಷ್ಟೇ ಅರ್ಥ. ಇದನ್ನು ಅವನೇ ಎಲ್ಲರಿಗೂ ಹೇಳುತ್ತಾನೆ. ಇನ್ನೊಬ್ಬರು ಹೇಳಿ ನಗುವ ಮೊದಲು ತಾನೇ ಹೇಳಿ ನಕ್ಕುಬಿಡುವುದು ಅವನು ಎರಡನೇ ಕ್ಲಾಸಿನಲ್ಲೇ ಕಲಿತ ವಿದ್ಯೆ. ಆ ಹೆಸರು ಹೊತ್ತವನಿಗೆ ಬೇರೆ ದಾರಿಯೂ ಇರಲಿಲ್ಲ.

ಕರಾವಳಿಯ ಕ್ಯಾಥೊಲಿಕರಲ್ಲಿ ಗಲ್ಫಿನ ಕಾಲ ಶುರುವಾದ ಮೇಲೆ ಗಂಡುಮಕ್ಕಳಿಗೆ ಇಂಗ್ಲಿಷರ ಮನೆತನದ ಹೆಸರನ್ನು ಎತ್ತಿ ಇಡುವ ಚಾಳಿ ಬಂತು. ವಿಲ್ಸನ್, ಡಿಕ್ಸನ್, ಜಾಕ್ಸನ್, ಆಂಡರ್ಸನ್. ಕಿನ್ನಿಗೋಳಿ ಕಡೆಯ ಗುಡ್ಡದ ಮೇಲೆ ನಿಂತು ಊಟಕ್ಕೆ ಕೂಗಿದರೆ ಅರ್ಧ ಲಂಡನ್ನು ಚಡ್ಡಿ ಹಾಕಿಕೊಂಡು ಓಡಿಬರುತ್ತಿತ್ತು. ಅದು ಮನುಷ್ಯನನ್ನು ಕರೆಯುವ ಹೆಸರಲ್ಲ, ಅವನ ಕುಟುಂಬದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬಿಬ್ಬರು ಮಾಸ್ಟ್ರುಗಳನ್ನು ಯಾರೂ ಕೇಳಲಿಲ್ಲ.

ಆದರೂ ಉಳಿದವರು ಒಂದು ಅಂದಾಜಿನೊಳಗೆ ಇದ್ದರು. ಗೋಲ್ಡಿಯ ಅಪ್ಪ ಕೊಸ್ಮಸ್ ಮೊಂತೇರೊ ಮಾತ್ರ ಅಂದಾಜು ದಾಟಿದರು. ಅವರು ಬಹರೈನಿನ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ವರ್ಕ್‌ಶಾಪ್ ಮ್ಯಾನೇಜರ್ ಥ್ರೆಡ್‌ಗೋಲ್ಡ್ ಸಾಹೇಬರ ಕಾರು ಓಡಿಸುತ್ತಿದ್ದರು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಊರಿನಲ್ಲಿ ಗಂಡು ಹುಟ್ಟಿತು ಎಂಬ ತಂತಿ ಬಂದದ್ದೇ, ಸಾಹೇಬರ ಆಫೀಸಿನ ಬಾಗಿಲಿನ ಹಲಗೆ ನೋಡಿಕೊಂಡು ದೊಡ್ಡ ಅಕ್ಷರದಲ್ಲಿ ಆ ಹೆಸರು ಬರೆದು ಹೆಂಡತಿ ರೋಜಿಗೆ ಕಾಗದ ಹಾಕಿದರು. ಮೊದಲ ಮಗನಿಗೆ ಅಜ್ಜನ ಹೆಸರು ಇಡುವುದು ಮನೆಯ ಪದ್ಧತಿ. ಅಜ್ಜ ಲಾಜರಸ್ ಆಗ ಬದುಕಿದ್ದರು, ಸಿಟ್ಟಾದರು, ಎರಡು ದಿನ ಊಟ ಬಿಟ್ಟರು. ಇಗರ್ಜಿಯ ಪಾದ್ರಿಗಳು ಕಾಗದವನ್ನು ದೂರ ಹಿಡಿದು ಓದಿ, "ಈ ಹೆಸರಿನ ಸಂತ ಯಾರಮ್ಮ?" ಎಂದು ಕೇಳಿದರು. ರೋಜಿ ಅತ್ತಳು. ಕೊನೆಗೆ ಮುಂದೆ ಲಾಜರಸ್, ಹಿಂದೆ ಮೊಂತೇರೊ, ನಡುವೆ ಸಾಹೇಬರು ಎಂದು ರಾಜಿಯಾಯಿತು.

ಶಾಲೆಯಲ್ಲಿ ಹಾಜರಿ ಕೂಗುವಾಗ ಟೀಚರು ಅವನ ಹೆಸರು ಬಂದ ಕೂಡಲೇ ಒಮ್ಮೆ ಕೆಮ್ಮಿ, "ನೀನು, ಹ್ಞಾಂ, ನೀನೇ" ಎನ್ನುತ್ತಿದ್ದರು. ಅವನು ದೊಡ್ಡವನಾಗಿ ಬಹರೈನಿಗೆ ಬಂದ ಮೇಲೆ ಕೌಂಟರಿನಲ್ಲಿ ಪಾಸ್‌ಪೋರ್ಟ್ ನೋಡಿದ ಗುಮಾಸ್ತ, ನಂತರ ಅವನ ಮುಖ ನೋಡಿ, ಮತ್ತೆ ಪಾಸ್‌ಪೋರ್ಟ್ ನೋಡಿ, ತಂದೆ ಇಂಗ್ಲಿಷಿನವರೇ ಎಂದು ಮೆಲ್ಲಗೆ ಕೇಳಿದ್ದ. "ಇಲ್ಲ, ತಂದೆ ಕಿನ್ನಿಗೋಳಿಯವರು, ಬುದ್ಧಿ ಮಾತ್ರ ಸ್ವಲ್ಪ ಹಾಗೆ" ಎಂದು ಗೋಲ್ಡಿ ಹಿಂದಿಯಲ್ಲಿ ಹೇಳಿದ್ದ. ಹೊಸಬರು ಯಾರಾದರೂ ಹೆಸರಿನ ಅರ್ಥ ಕೇಳಿದರೆ, ಸಾಹೇಬರ ಅಜ್ಜಂದಿರಿಗೆ ಚಿನ್ನದ ಗಣಿ ಇತ್ತಂತೆ ಎಂದು ಬಿಡುತ್ತಿದ್ದ. ಇಪ್ಪತ್ತು ವರ್ಷ ಬಿಟ್ಟೂ ಬಿಟ್ಟೂ ಕಡೆಗೆ ಅದನ್ನು ತಾನೇ ನಂಬಿದ.

ಆ ಗಣಿಯನ್ನು ಮುಚ್ಚಿದ್ದು ಹದಿನೈದು ವರ್ಷದ ಮಗಳು ನತಾಶಾ. ಶಾಲೆಯಲ್ಲಿ ಹೆಸರುಗಳ ಮೂಲದ ಬಗ್ಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಒಂದು ಸಂಜೆ ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಅಪ್ಪನಿಗೆ, "ಡಾಡಾ, ಗಣಿ ಗಿಣಿ ಎಂತದೂ ಇಲ್ಲ. ಇದು ಟೈಲರ್ ಹೆಸರು" ಎಂದಳು.

ಇಂಗ್ಲೆಂಡಿನಲ್ಲಿ ಹಿಂದೆ ಮಾಡುವ ಕೆಲಸವೇ ಮನೆತನದ ಹೆಸರಾಗುತ್ತಿತ್ತಂತೆ. ಕಮ್ಮಾರ ಸ್ಮಿತ್ ಆದ, ರೊಟ್ಟಿ ಸುಡುವವನು ಬೇಕರ್ ಆದ. ಹಾಗೇ ಬಟ್ಟೆಯ ಮೇಲೆ ಚಿನ್ನದ ದಾರದಿಂದ ಕಸೂತಿ ಹಾಕುವವನು ಥ್ರೆಡ್‌ಗೋಲ್ಡ್. ಕಮ್ಮಾರ ಪ್ರತಿ ಊರಿಗೂ ಬೇಕು, ಅದಕ್ಕೆ ಸ್ಮಿತ್‌ಗಳು ಲಕ್ಷಗಟ್ಟಲೆ. ಚಿನ್ನದ ದಾರದ ಅಂಗಿ ಬೇಕಾದವರು ದೊರೆಗಳು, ಬಿಷಪ್ಪರು. ಅವರೆಷ್ಟು ಮಂದಿ ಇದ್ದಾರು? ಅದಕ್ಕೆ ಈ ಹೆಸರಿನವರು ಆ ದೇಶದಲ್ಲೇ ಅಪರೂಪ. ಗೋಲ್ಡಿಯ ಹೆಂಡತಿ ಗ್ಲೆನಿಟಾ, ಕ್ಲಿನಿಕ್ಕಿನಲ್ಲಿ ನರ್ಸ್, ಇಸ್ತ್ರಿ ಹಾಕುತ್ತಿದ್ದವಳು ಪೆಟ್ಟಿಗೆ ನಿಲ್ಲಿಸಿ, "ಕಸೂತಿಯಾ? ಇವರಾ? ಮದುವೆಯಾಗಿ ಹದಿನೆಂಟು ವರ್ಷವಾಯ್ತು, ಒಂದು ಬಟನ್ ಹಾಕ್ಲಿಕ್ಕೆ ಗೊತ್ತಿಲ್ಲ" ಎಂದಳು. ಗೋಲ್ಡಿಯೇ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ಅಪರೂಪ ಎಂಬ ಮಾತು ಒಳಗೆ ಹೋಗಿ ಕೂತುಬಿಟ್ಟಿತು. ಮರುದಿನ ಕನ್ನಡಿಯ ಮುಂದೆ ತಲೆಗೆ ಬಣ್ಣ ಹಚ್ಚಿಕೊಳ್ಳುವಾಗ, ಅಪರೂಪದ ಮನುಷ್ಯ, ಬರೀ ಹೊಟ್ಟೆ ಒಂದು ಸಾಮಾನ್ಯದ್ದು ಎಂದು ತನಗೆ ತಾನೇ ಹೇಳಿಕೊಂಡ.

ಅಪ್ಪ ಕೊಸ್ಮಸ್ ಮೂಲೆಯ ಕುರ್ಚಿಯಲ್ಲಿ ಇದನ್ನೆಲ್ಲ ಕೇಳುತ್ತಿದ್ದರು. ಅವರಿಗೀಗ ಎಂಬತ್ತು. ರೋಜಿ ತೀರಿದ ಮೇಲೆ ಮಗ ಬಹರೈನಿಗೆ ಕರೆಸಿಕೊಂಡು ಆರು ವರ್ಷ. ಕಸೂತಿಯೂ ಕಮ್ಮಾರಿಕೆಯೂ ಅವರಿಗೆ ಬೇಡ. ಅವರಿಗೆ ಗೊತ್ತಿದ್ದ ಥ್ರೆಡ್‌ಗೋಲ್ಡ್ ಒಬ್ಬರೇ. ಬಹರೈನಿನ ಪಶ್ಚಿಮ ತೀರದ ಝಲ್ಲಾಕಿನ ಕಡೆ ಒಮ್ಮೆ ಕಾರು ಮರಳಿನಲ್ಲಿ ಹೂತುಹೋಗಿ ಇಬ್ಬರೂ ಜೂನ್ ತಿಂಗಳ ಬಿಸಿಲಿನಲ್ಲಿ ಮೂರು ಗಂಟೆ ನಡೆದಿದ್ದರು. ಸಾಹೇಬರ ಬೂಟಿನ ಅಟ್ಟೆ ಕಿತ್ತುಹೋಯಿತು, ಕೊಸ್ಮಸ್ ತಮ್ಮ ಚಪ್ಪಲಿ ಬಿಚ್ಚಿ ಕೊಟ್ಟರು. ಇದ್ದ ಒಂದು ಬಾಟಲಿ ನೀರನ್ನು ಸಾಹೇಬರು ಮೊದಲು ಇವರಿಗೆ ಕುಡಿಸಿ ನಂತರ ತಾವು ಕುಡಿದರು. ಆ ಒಂದು ಗುಟುಕಿಗೆ ಕೊಸ್ಮಸ್ ಮಗನ ಹೆಸರನ್ನೇ ಕೊಟ್ಟುಬಿಟ್ಟಿದ್ದರು. ಎಂಬತ್ತನಾಲ್ಕನೇ ಇಸವಿಯಲ್ಲಿ ಸಾಹೇಬರು ತಮ್ಮ ದೇಶಕ್ಕೆ ಹೋದರು. ಕ್ರಿಸ್ಮಸ್ ಕಾರ್ಡಿಗೆ ಎರಡು ವರ್ಷ ಉತ್ತರ ಬಂತು, ಆಮೇಲೆ ನಿಂತಿತು. ವಯಸ್ಸಾದಂತೆ ಕೊಸ್ಮಸ್‌ರಿಗೆ ಒಂದೇ ಪ್ರಶ್ನೆ ಉಳಿಯಿತು. ವಾರಕ್ಕೊಮ್ಮೆಯಾದರೂ ಕೇಳುವರು: "ಸಾಹೇಬ್ರಿಗೆ ನನ್ನ ನೆನಪು ಇರ್ಬಹುದಾ?"

"ಇರ್ತದೆ ಪಪ್ಪಾ" ಎಂದು ಗೋಲ್ಡಿ ಟಿವಿಯಿಂದ ಕಣ್ಣು ತೆಗೆಯದೆ ಹೇಳುವನು. ಒಳಗೊಳಗೆ ಅವನಿಗೆ ಗೊತ್ತಿತ್ತು, ಇಂಥ ಡ್ರೈವರುಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ತಾನೇ ಹೋದ ವರ್ಷ ಬಿಟ್ಟುಹೋದ ವೇಟರುಗಳ ಹೆಸರು ಮರೆತಿದ್ದ.

ನವೆಂಬರಿನ ಒಂದು ಗುರುವಾರ ಅವನು ಕೆಲಸಕ್ಕೆ ಬಂದವನೇ ಎಂದಿನಂತೆ ಮರುದಿನದ ಬುಕಿಂಗ್ ಪಟ್ಟಿ ನೋಡಿದ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆ, ಇಬ್ಬರು, ಹೆಸರು ಥ್ರೆಡ್‌ಗೋಲ್ಡ್. ನೆತ್ತರು ತಲೆಗೇರಿತು. ಇದು ಸ್ಟೋರ್ ನೋಡಿಕೊಂಡು ಬೆಳಿಗ್ಗೆ ಫೋನನ್ನೂ ಎತ್ತುವ ಫಾಝಿಲನದ್ದೇ ಕೆಲಸ ಎಂದು ನೇರ ಒಳಗೆ ಹೋದ. ಫಾಝಿಲ್ ಬಂಟ್ವಾಳದ ಕಡೆಯ ಬ್ಯಾರಿ ಹುಡುಗ, ಇಂಥ ಕುಚೇಷ್ಟೆ ಅವನಿಗೆ ಹೊಸದಲ್ಲ.

"ನನ್ನ ಹೆಸ್ರು ಬುಕ್ಕಿನಲ್ಲಿ ಬರೆದು ಎಂತ ತಮಾಷೆ ಮಾರಾಯ? ಮ್ಯಾನೇಜರ್ ನೋಡಿದ್ರೆ ನಾನೇ ಟೇಬಲ್ ಹಿಡಿದದ್ದು ಅಂತ ಗ್ರಹಿಸುವುದಿಲ್ವಾ?"

"ಅಲ್ಲಾನಾಣೆ ನಾನಲ್ಲ ಗೋಲ್ಡಿಯಣ್ಣ. ಯಾವುದೋ ಹೆಂಗಸು ಫೋನ್ ಮಾಡಿದ್ದು, ಇಂಗ್ಲಿಷಿನವ್ರು. ಹೆಸ್ರು ಹೇಳಿದಾಗ ನಾನೇ ನಗಾಡಿದೆ. ನಮ್ಮಲ್ಲೂ ಒಬ್ರಿದ್ದಾರೆ ಮೇಡಂ ಅಂತ ಹೇಳ್ಲಿಕ್ಕೆ ಹೋಗಿ ಬಾಯಿ ಮುಚ್ಚಿಕೊಂಡೆ."

ನಲವತ್ತಾರು ವರ್ಷದಲ್ಲಿ ಗೋಲ್ಡಿ ಆ ಹೆಸರನ್ನು ತನ್ನ ಕಾಗದಪತ್ರಗಳಲ್ಲಲ್ಲದೆ ಬೇರೆ ಎಲ್ಲೂ ನೋಡಿರಲಿಲ್ಲ. ಅಷ್ಟು ಅಪರೂಪದ ಹೆಸರಾದರೆ ಬರುವವರು ಸಾಹೇಬರ ಮನೆಯವರೇ ಇರಬೇಕು ಎಂದು ಲೆಕ್ಕ ಹಾಕಿದ. ಲೆಕ್ಕ ಹಾಕಿ ಸುಮ್ಮನಿದ್ದಿದ್ದರೆ ಜಾಣನಾಗುತ್ತಿದ್ದ. ಮನೆಗೆ ಹೋಗಿ ಊಟದ ಮೇಜಿನಲ್ಲಿ ಹೇಳಿಬಿಟ್ಟ.

ಶುಕ್ರವಾರ ಬೆಳಿಗ್ಗೆ ಏಳುವ ಹೊತ್ತಿಗೆ ಕೊಸ್ಮಸ್ ಗಡ್ಡ ಹೆರೆದು, ರೋಜಿಯ ಸಾವಿನ ದಿನ ಹಾಕಿದ ಕೋಟು ಹಾಕಿಕೊಂಡು ಸೋಫಾದ ಮೇಲೆ ತಯಾರಾಗಿ ಕೂತಿದ್ದರು. ಮಧ್ಯಾಹ್ನಕ್ಕೆ ಇನ್ನೂ ಆರು ಗಂಟೆ ಇತ್ತು.

"ಪಪ್ಪಾ, ನೀವು ಬರುವುದು ಬೇಡ. ಮೊದಲು ನಾನು ಕೇಳಿ ನೋಡ್ತೇನೆ."

"ನಾನು ಒಳಗೆ ಬರುವುದಿಲ್ಲ ಪುತಾ. ಹೊರಗೆ ನಿಲ್ತೇನೆ. ನಿಂತು ಅಭ್ಯಾಸ ಉಂಟು ನಂಗೆ."

ಗೋಲ್ಡಿ ಆಗಲೂ ಬೇಡ ಎಂದ. ಗಿರಾಕಿಗಳ ಮುಂದೆ, ಮ್ಯಾನೇಜರನ ಮುಂದೆ, ಹಳೇ ಕೋಟಿನ ಅಪ್ಪನನ್ನು ನಿಲ್ಲಿಸಲು ತನಗೆ ನಾಚಿಕೆ ಎಂಬ ನಿಜವನ್ನು ಅವನು ತನಗೂ ಪೂರ್ತಿ ಹೇಳಿಕೊಳ್ಳಲಿಲ್ಲ. ಬಾಗಿಲಲ್ಲಿ ಕೊಸ್ಮಸ್ ಅವನ ತೋಳು ಹಿಡಿದು, "ಒಂದೇ ಕೇಳು. ನನ್ನ ನೆನಪು ಉಂಟಾ ಅಂತ. ಇಲ್ಲದಿದ್ರೆ ಇಲ್ಲ ಅಂತ ಬಂದು ಹೇಳು. ಸುಳ್ಳು ಹೇಳ್ಬೇಡ" ಎಂದರು.

ಗೋಲ್ಡಿಯ ಎದೆಯ ಮೇಲಿನ ಬಿಲ್ಲೆಯಲ್ಲಿ ಗೋಲ್ಡಿ ಎಂದಷ್ಟೇ ಇತ್ತು. ಆ ದಿನಕ್ಕೆ ಅದು ಸಾಲದು ಅನ್ನಿಸಿತು. ಮಾಂಸದ ಡಬ್ಬಿಗಳಿಗೆ ಚೀಟಿ ಹೊಡೆಯುವ ಯಂತ್ರದಲ್ಲಿ ಫಾಝಿಲ್ ಪೂರ್ತಿ ಹೆಸರು ಹೊಡೆದುಕೊಟ್ಟ. ಇಂಥ ತಾರೀಖಿನೊಳಗೆ ಬಳಸಿ ಎಂಬ ಸಾಲು ಕೆಳಗೆ ತಾನಾಗೇ ಬಂದಿತ್ತು, ಅದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಿಲ್ಲೆಯ ಮೇಲೆ ಅಂಟಿಸಿದರು. "ಇನ್ನೂ ಎರಡು ದಿನ ಉಂಟು ನಿಮಗೆ" ಎಂದು ಫಾಝಿಲ್ ತಾರೀಖು ನೋಡಿ ಹೇಳಿದ.

ಒಂದು ಗಂಟೆಗೆ ಸರಿಯಾಗಿ ಇಬ್ಬರು ಹೆಂಗಸರು ಬಂದರು. ಒಬ್ಬರು ಇಲ್ಲೇ ಶಾಲೆಯಲ್ಲಿ ಪಾಠ ಹೇಳುವವರು. ಇನ್ನೊಬ್ಬರು, ಅರವತ್ತರ ಹತ್ತಿರದವರು, ಬಿಸಿಲಿಗೆ ಮೂಗು ಕೆಂಪಾದವರು, ಗೆಳತಿಯನ್ನು ನೋಡಲು ಒಂದು ವಾರಕ್ಕೆ ಬಂದ ಮಿಸೆಸ್ ಥ್ರೆಡ್‌ಗೋಲ್ಡ್. ಕುರ್ಚಿ ಎಳೆದು ಕೂರಿಸಿ, ಮೆನು ಕೈಗೆ ಕೊಟ್ಟು, ಗೋಲ್ಡಿ ಎದೆಯನ್ನು ಅಗತ್ಯಕ್ಕಿಂತ ಮುಂದೆ ಮಾಡಿ ನಿಂತ. ಅವರು ಮೆನು ಓದಿದರೇ ಹೊರತು ಬಿಲ್ಲೆ ಓದಲಿಲ್ಲ. ನೀರು ಬಗ್ಗಿಸುವಾಗ ಬಾಗಿದ, ಬ್ರೆಡ್ ಇಡುವಾಗ ಬಾಗಿದ. ಆ ದಿನ ಅವನು ಬಾಗಿದಷ್ಟು ಇಗರ್ಜಿಯಲ್ಲೂ ಬಾಗಿದ್ದಿಲ್ಲ. ಕಡೆಗೆ ಸೂಪು ಇಡುವಾಗ ಅಂಟು ಬಿಟ್ಟು ಚೀಟಿಯೇ ಕಳಚಿ ಆಕೆಯ ಸೂಪಿನ ಪಕ್ಕದ ತಟ್ಟೆಯ ಮೇಲೆ ಬಿತ್ತು.

ಆಕೆ ಎತ್ತಿ ಓದಿದರು. ಅವನನ್ನು ನೋಡಿದರು. "ಇದು ನನ್ನ ಹೆಸರಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನನ್ನದೂ ಅದೇ ಮೇಡಂ" ಎಂದ ಗೋಲ್ಡಿ. ಎಷ್ಟೋ ವರ್ಷದಿಂದ ತಯಾರಿ ಮಾಡಿಟ್ಟಿದ್ದ ದೊಡ್ಡ ಇಂಗ್ಲಿಷೆಲ್ಲ ಆ ಹೊತ್ತಿಗೆ ಕೈಕೊಟ್ಟಿತು.

ಆಕೆ ತಲೆ ಹಿಂದಕ್ಕೆ ಹಾಕಿ ನಕ್ಕರು. "ನಿನಗೆ ಹೇಗೆ ಸಿಕ್ಕಿತೋ! ನನಗೆ ಗಂಡನಿಂದ ಸಿಕ್ಕಿದ್ದು. ಗಂಡನನ್ನು ಬಿಟ್ಟು ಹನ್ನೆರಡು ವರ್ಷವಾಯಿತು, ಹೆಸರನ್ನು ಬಿಡಲಿಲ್ಲ. ಹುಟ್ಟುವಾಗ ನಾನು ಸ್ಮಿತ್. ನಮ್ಮ ಕ್ಲಾಸಿನಲ್ಲಿ ನಾಲ್ವರು ಸ್ಮಿತ್ ಇದ್ದೆವು. ಒಮ್ಮೆ ಸ್ಮಿತ್‌ನಿಂದ ಹೊರಗೆ ಬಂದವರು ಯಾರೂ ವಾಪಸ್ ಹೋಗುವುದಿಲ್ಲ."

ರಕ್ತವಿಲ್ಲದ ಇಬ್ಬರು ಥ್ರೆಡ್‌ಗೋಲ್ಡರು ಒಂದು ಸೂಪಿನ ಬಟ್ಟಲಿನ ಆಚೆ ಈಚೆ. ಗೋಲ್ಡಿಗೂ ನಗು ಬಂತು. ಧೈರ್ಯ ಬಂತು. ಹೆಸರು ಹೇಗೆ ಬಂತೆಂದು ಹೇಳಿದ, ವರ್ಕ್‌ಶಾಪ್ ಹೇಳಿದ, ಎಂಬತ್ತನಾಲ್ಕನೇ ಇಸವಿ ಹೇಳಿದ. ಆಕೆ ಚಮಚ ಕೆಳಗಿಟ್ಟರು. ಆ ಸಾಹೇಬರು ಆಕೆಯ ಮಾವ, ಗಂಡನನ್ನು ಬಿಟ್ಟ ಮೇಲೂ ಆಕೆ ಅವರನ್ನು ನೋಡಲು ಹೋಗುತ್ತಿದ್ದರು. ಬಹರೈನಿನಲ್ಲಿದ್ದದ್ದು ನಿಜ, ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ತೀರಿಕೊಂಡು ಮೂರು ವರ್ಷ.

"ಮೇಡಂ, ಅವರ ಡ್ರೈವರ್ ನನ್ನ ತಂದೆ. ಕೊಸ್ಮಸ್. ಆ ಹೆಸರನ್ನು ಅವರು ಯಾವಾಗಲಾದರೂ ಹೇಳಿದ್ದರಾ?"

ಆಕೆಯ ಮುಖದ ನಗು ಇದ್ದಲ್ಲೇ ನಿಂತುಹೋಯಿತು. ಗೆಳತಿಯನ್ನು ನೋಡಿದರು, ಮೇಜಿನ ಬಟ್ಟೆಯನ್ನು ನೋಡಿದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಕೊಸ್ಮಸ್ ಅಂದರೆ ನಾಯಿ" ಎಂದರು.

ಊರಿಗೆ ಹೋದ ಮೇಲೆ ಸಾಹೇಬರು ಒಂದು ನಾಯಿ ತಂದು ಕೊಸ್ಮಸ್ ಎಂದು ಹೆಸರಿಟ್ಟರು. ಅದು ಸತ್ತ ಮೇಲೆ ಇನ್ನೊಂದು, ಅದೂ ಕೊಸ್ಮಸ್. ಮತ್ತೊಂದು, ಅದೂ. ಮೂವತ್ತೈದು ವರ್ಷದಲ್ಲಿ ಮೂರು ಕೊಸ್ಮಸ್. ಯಾವುದೋ ಸಂತನ ಹೆಸರು ಎಂದು ಮನೆಯವರು ತಿಳಿದಿದ್ದರು. ಗೋಲ್ಡಿ ಎಂದಿನಂತೆ ತಾನೇ ಮೊದಲು ನಗಬೇಕೆಂದು ನೋಡಿದ. ಬಾಯಿ ತೆರೆಯಿತು, ನಗು ಬರಲಿಲ್ಲ. ಅಪ್ಪ ಬೆಳಿಗ್ಗೆಯಿಂದ ಕೋಟು ಹಾಕಿಕೊಂಡು ಕೂತದ್ದು ಇದಕ್ಕಾಗಿಯೇ ಎಂದು ಅವನಿಗೆ ಕಣ್ಣು ಕತ್ತಲಾಗುವಷ್ಟು ಸಿಟ್ಟು ಬಂತು. ತಟ್ಟೆ ಎತ್ತಿಕೊಂಡು ಹೊರಟ.

ಆಕೆ ಅವನ ತೋಳು ಹಿಡಿದು ನಿಲ್ಲಿಸಿದರು. ಬೆಳಿಗ್ಗೆ ಅಪ್ಪ ಹಿಡಿದ ಜಾಗವೇ.

"ಸ್ವಲ್ಪ ಇರು. ಕಡೆಯ ದಿನಗಳಲ್ಲಿ ಅವರಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ, ಮಗನದ್ದೂ. ಹಾಸಿಗೆಯಲ್ಲಿ ಕೂತು ಕೂಗುತ್ತಿದ್ದರು: ಕೊಸ್ಮಸ್, ಕಾರು ತಾ, ಹೊತ್ತಾಯಿತು. ನಾಯಿ ಬಾಲ ಅಲ್ಲಾಡಿಸುತ್ತಿತ್ತು. ನಾಯಿ ಕಾರು ತರುವುದುಂಟೇ ಎಂದು ನಾವೆಲ್ಲ ನಗುತ್ತಿದ್ದೆವು. ಅವರು ಒಬ್ಬ ಮನುಷ್ಯನನ್ನು ಕರೆಯುತ್ತಿದ್ದಾರೆಂದು ಈ ಹೊತ್ತಿನವರೆಗೆ ನನಗೆ ಗೊತ್ತಿರಲಿಲ್ಲ."

ಆಕೆ ಕಣ್ಣೊರೆಸಿಕೊಂಡರು. ಫೋನಿನಲ್ಲಿ ಹುಡುಕಿ ಒಂದು ಫೋಟೊ ತೆಗೆದು ಅವನಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಆಮೇಲೆ ಗೋಲ್ಡಿ ಆರು ಮೇಜುಗಳ ಆರ್ಡರ್ ತಪ್ಪು ಬರೆದ, ಎಲ್ಲದಕ್ಕೂ ತಾನೇ ಕ್ಷಮೆ ಕೇಳಿದ.

ಸಂಜೆ ನಾಲ್ಕಕ್ಕೆ ಮನೆಗೆ ಬಂದಾಗ ಕೊಸ್ಮಸ್ ಅದೇ ಸೋಫಾದ ಮೇಲೆ, ಅದೇ ಕೋಟಿನಲ್ಲಿ ಇದ್ದರು. ಗ್ಲೆನಿಟಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಏನು ಹೇಳಬೇಕು, ಏನು ಬಿಡಬೇಕು ಎಂದು ಗೋಲ್ಡಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ.

"ಸಾಹೇಬ್ರು ಹೋದ್ರು ಪಪ್ಪಾ. ಮೂರು ವರ್ಷ ಆಯ್ತಂತೆ."

ಕೊಸ್ಮಸ್ ಶಿಲುಬೆಯ ಗುರುತು ಹಾಕಿಕೊಂಡರು. "ನನ್ನ ನೆನಪು?" ಎಂದರು.

"ಕಡೆಗೆ ಅವ್ರಿಗೆ ಮಗನ ಗುರುತೂ ಇರ್ಲಿಲ್ವಂತೆ. ನಿಮ್ಮನ್ನೇ ಕರೀತಿದ್ರಂತೆ. ಕೊಸ್ಮಸ್, ಕಾರು ತಾ, ಹೊತ್ತಾಯ್ತು ಅಂತ."

ಮುದುಕರು ಮುಖ ಮುಚ್ಚಿಕೊಂಡು ಅತ್ತರು. ಹೆಗಲು ಕುಣಿಯುತ್ತಿತ್ತು. ರೋಜಿಯ ಸಾವಿಗೆ ಕೂಡ ಅವರು ಹೀಗೆ ಅತ್ತಿರಲಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಆದರೆ ಕಣ್ಣು ಒರೆಸಿಕೊಂಡ ಕೂಡಲೇ, "ಫೋಟೊ ಉಂಟಾ?" ಎಂದರು. ಗೋಲ್ಡಿಗೆ ಇಲ್ಲ ಎನ್ನಲಾಗಲಿಲ್ಲ. ಸುಳ್ಳು ಹೇಳಬೇಡ ಎಂದು ಬೇರೆ ಹೇಳಿದ್ದರು.

ಕನ್ನಡಕ ಹಾಕಿಕೊಂಡು ಕೊಸ್ಮಸ್ ಫೋನನ್ನು ಎರಡೂ ಕೈಯಲ್ಲಿ ಹಿಡಿದರು. ತೋಟದ ಬೆಂಚಿನ ಮೇಲೆ ಸಾಹೇಬರು, ಬಿಳಿ ತಲೆ, ಮೊಣಕಾಲಿನ ಮೇಲೆ ಕಂಬಳಿ. ಕಾಲಬುಡದಲ್ಲಿ ಕಂದು ಬಣ್ಣದ ನಾಯಿ. ಸಾಹೇಬರ ಕೈ ಅದರ ತಲೆಯ ಮೇಲಿತ್ತು.

"ತುಂಬಾ ಸಪುರ ಆಗಿದ್ದಾರೆ" ಎಂದರು ಕೊಸ್ಮಸ್. ಬೆರಳಿಂದ ನಾಯಿಯನ್ನು ಮುಟ್ಟಿದರು. "ಇದ್ರ ಹೆಸ್ರು ಎಂತ?"

ಗೋಲ್ಡಿ ಬೋ ಬಿಚ್ಚತೊಡಗಿದ. ಬಿಚ್ಚಿದ ಮೇಲೂ ಕೊರಳು ಮುಟ್ಟಿಕೊಳ್ಳುತ್ತಲೇ ಇದ್ದ. ಕೊಸ್ಮಸ್ ಮಗನ ಮುಖವನ್ನು ನೋಡಿದರು, ಬಹಳ ಹೊತ್ತು ನೋಡಿದರು. ಮತ್ತೆ ಫೋನಿನತ್ತ ತಿರುಗಿದರು.

"ಕಚ್ಚುತ್ತಿತ್ತಾ?"

"ಇಲ್ಲ ಪಪ್ಪಾ. ತುಂಬಾ ಪಾಪದ್ದಂತೆ. ಮತ್ತೆ... ಮೂವತ್ತೈದು ವರ್ಷದಲ್ಲಿ ಇದು ಮೂರನೇದ್ದು."

"ಮೂರಾ?" ಎಂದರು. ಗ್ಲೆನಿಟಾ ಸೆರಗಿನಂತೆ ಹೆಗಲ ಮೇಲಿದ್ದ ಟವೆಲನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೋಲ್ಡಿಗೆ ತಿಳಿಯಲಿಲ್ಲ. ಕೊಸ್ಮಸ್ ಫೋನನ್ನು ಮಗನಿಗೆ ಕೊಡದೆ ತೊಡೆಯ ಮೇಲಿಟ್ಟುಕೊಂಡರು.

"ಅವ್ರ ದೇಶದಲ್ಲಿ ನಾಯಿಗೆ ಬೈಯುವುದಿಲ್ಲ ಪುತಾ. ಇಲ್ಲಿ ಬಂಗ್ಲೆಯಲ್ಲೂ ಒಂದಿತ್ತು, ನಾನು ನೋಡಿದ್ದೇನೆ. ಒಂದು ಸಲ ಸಹ ಬೈದದ್ದಿಲ್ಲ. ನನ್ನ ಹೆಸ್ರನ್ನು ಮೂವತ್ತೈದು ವರ್ಷ ಪ್ರೀತಿಯಲ್ಲಿ ಕರೆದ್ರು. ಅವ್ರ ಹೆಸ್ರು ನಿಂಗೆ ಇಟ್ಟು ನಾನು ಎಷ್ಟು ಬೈದೆ. ಸಣ್ಣದರಲ್ಲಿ ಹೊಡೆದೆ ಸಹ. ಇವತ್ತು ಬೆಳಿಗ್ಗೆ ಕರ್ಕೊಂಡು ಹೋಗ್ಲಿಲ್ಲ ಅಂತ ಮನಸ್ಸಿನಲ್ಲಿ ಬೈದೆ" ಎಂದರು.

"ಬೈಯಬೇಕಾದ್ದೇ ಪಪ್ಪಾ. ನಂಗೆ ನಾಚಿಕೆ ಆಯ್ತು, ಅದಕ್ಕೆ ಕರ್ಕೊಂಡು ಹೋಗ್ಲಿಲ್ಲ."

"ಗೊತ್ತುಂಟು" ಎಂದರು ಕೊಸ್ಮಸ್.

ಗೋಲ್ಡಿ ಅಪ್ಪನ ಪಕ್ಕದಲ್ಲಿ ಕೂತ. ನಗುವುದಕ್ಕೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದ, ಸಿಗಲಿಲ್ಲ. "ಆ ಮೇಡಂ ಬುಧವಾರದವರೆಗೆ ಇಲ್ಲೇ ಇದ್ದಾರೆ. ನಾಳೆ ಊಟಕ್ಕೆ ಕರೆಯುವಾ? ನಮ್ಮ ರೆಸ್ಟೋರೆಂಟಿಗೇ. ನೀವು ಟೇಬಲ್‌ನಲ್ಲಿ ಕೂತ್ಕೊಳ್ಳಿ, ನಾನು ಬಡಿಸ್ತೇನೆ."

ಕೊಸ್ಮಸ್ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಸೊಸೆಯ ಕೈಗೆ ಕೊಟ್ಟು, ಮಡಚಬೇಡ, ತೂಗುಹಾಕು, ನಾಳೆಗೆ ಬೇಕು ಎಂದರು.